ಟಿಕೆಟ್ ಇಲ್ಲದ ದನಿ

ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡದೆ ಮೆಟ್ಟಿಲಿಳಿದು ಹೋಗುವ ಜನರನ್ನು ಕಂಡರೆ ನನಗೆ ಭಯವೂ ಆಗುತ್ತದೆ, ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ದೇವರು ಅವರನ್ನು ನಂಬಿಕೆಯ ಮಣ್ಣಿನಿಂದ ಮಾಡಿದ್ದಾನೆ. ನನ್ನ ಸರದಿ ಬರುವಷ್ಟರಲ್ಲಿ ಆ ಮಣ್ಣು ಮುಗಿದಿರಬೇಕು. ನಾನು ಬೀಗ ಜಗ್ಗುತ್ತೇನೆ, ಗೇಟಿನ ಚಿಲಕ ಜಗ್ಗುತ್ತೇನೆ, ಬೀದಿಯ ತಿರುವಿನವರೆಗೆ ಹೋಗಿ ಗ್ಯಾಸಿನ ನೆನಪಾಗಿ ಹಿಂದಿರುಗುತ್ತೇನೆ, ಒಳಗೆ ಹೋಗಿ ನೋಡಿ ಬಂದು ಮತ್ತೆ ಬೀಗ ಹಾಕಿ ಮತ್ತೆ ಜಗ್ಗುತ್ತೇನೆ. ನನ್ನ ಹೆಂಡತಿ ಸುಶೀಲ ಇದಕ್ಕೆಲ್ಲ ಒಗ್ಗಿಹೋಗಿದ್ದಾಳೆ. ಎಲ್ಲಿಗಾದರೂ ಹೊರಟರೆ ಅವಳು ತಾನು ಮೊದಲೇ ಹೋಗಿ ತಿರುವಿನ ಹುಣಸೆಮರದ ನೆರಳಿನಲ್ಲಿ ನಿಂತುಬಿಡುತ್ತಾಳೆ. "ನಿಮ್ಮ ಪ್ರದಕ್ಷಿಣೆ ಮುಗಿದ್ಮೇಲೆ ಬನ್ನಿ, ನನಗೇನೂ ಅವಸರ ಇಲ್ಲ" ಎನ್ನುತ್ತಾಳೆ. ನೆರಳು ಇರುವ ಊರಿನಲ್ಲಿ ಮನೆ ಕಟ್ಟಿಸಿದ್ದಕ್ಕೆ ನಾನು ಆಗಾಗ ನನ್ನನ್ನೇ ಅಭಿನಂದಿಸಿಕೊಳ್ಳುತ್ತೇನೆ.

ಇದು ಹುಟ್ಟುಗುಣವೋ ನೌಕರಿ ಅಂಟಿಸಿದ್ದೋ ಹೇಳಲಾರೆ. ನಾನು ಸ್ಟೇಷನ್ ಮಾಸ್ಟರ್ ಆಗಿದ್ದವನು. ಈಗ ಬೀರೂರಿನಲ್ಲಿ ನಿವೃತ್ತ. ಆಗ ಅಜ್ಜಂಪುರದ ಆಚೆಗೊಂದು ಪುಟ್ಟ ಸ್ಟೇಷನ್ನಿನಲ್ಲಿ ಬಹುಕಾಲ ಇದ್ದೆ. ಆ ಕಾಲದಲ್ಲಿ ಅಲ್ಲಿದ್ದದ್ದು ಒಂದೇ ಹಳಿ. ಹೋಗುವ ಗಾಡಿಗೂ ಅದೇ, ಬರುವ ಗಾಡಿಗೂ ಅದೇ. ಎದುರುಬದುರು ಬರದಂತೆ ಕಾಯುತ್ತಿದ್ದದ್ದು ಟೋಕನ್ ಎಂಬ ಒಂದು ಲೋಹದ ಗುಂಡು. ಮುಂದಿನ ಸ್ಟೇಷನ್ನಿನವನು ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ ನನ್ನ ಪೆಟ್ಟಿಗೆಯಿಂದ ಅದು ಹೊರಗೆ ಬರುತ್ತಿತ್ತು. ಅದು ಡ್ರೈವರನ ಕೈ ಸೇರದೆ ಗಾಡಿ ಒಂದು ಗೇಣೂ ಮುಂದಕ್ಕೆ ಹೋಗುವಂತಿಲ್ಲ. ಡ್ರೈವರ್ ನನ್ನ ಭಾವಮೈದುನನೇ ಆಗಿರಲಿ, ಗಾಡಿಯಲ್ಲಿ ಮಂತ್ರಿಯೇ ಕೂತಿರಲಿ, ಟೋಕನ್ ಇಲ್ಲ ಎಂದರೆ ಇಲ್ಲ. ಇಂಥ ಶಿಸ್ತಿನಲ್ಲಿ ಆಯುಷ್ಯ ಕಳೆದವನು ಬೀಗವನ್ನು ಜಗ್ಗಿ ನೋಡಿದರೆ ತಪ್ಪೇನು?

ಆ ದಾರಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದವನು ತಿಪ್ಪೇಶಪ್ಪ. ಡ್ರೈವರನಿಗೂ ಸ್ಟೇಷನ್ ಮಾಸ್ಟರನಿಗೂ ಇರುವುದು ಅತ್ತೆ ಸೊಸೆಯ ಸಂಬಂಧ. ಅವನಿಗೆ ಹೋಗುವ ಆತುರ, ಇವನಿಗೆ ನಿಲ್ಲಿಸುವ ಚಟ. ನಾವಿಬ್ಬರೂ ನೌಕರಿಯುದ್ದಕ್ಕೂ ಜಗಳವಾಡಿ, ನಿವೃತ್ತಿಯಾದ ಮೇಲೆ ಜಗಳಕ್ಕೆ ಬೇರೆ ಜನ ಸಿಗದೆ ಸ್ನೇಹಿತರಾದೆವು. ನೌಕರಿಯಲ್ಲಿದ್ದಾಗ ಅವನು ನನ್ನನ್ನು "ನೀವು" ಎನ್ನುತ್ತಿದ್ದ. ಈಗ "ನೀನು" ಎನ್ನುತ್ತಾನೆ. ಅಪರೂಪಕ್ಕೆ ಅವನ ಬಾಯಲ್ಲಿ "ನೀವು" ಬಂತೆಂದರೆ ಕೋಪ ಬಂದಿದೆ ಎಂದು ಅರ್ಥ. ಗುರುವಾರ ಬಂತೆಂದರೆ ನಾನು ಬೀರೂರಿನಲ್ಲಿ ಪ್ಯಾಸೆಂಜರ್ ಹತ್ತಿ ತರೀಕೆರೆಗೆ, ಅವನ ಮನೆಗೆ ಹೋಗುತ್ತೇನೆ. ಅವನ ಹೆಂಡತಿ ಗಂಗಮ್ಮ ರೊಟ್ಟಿ ತಟ್ಟುತ್ತಾರೆ. ನಾವು ಹಳೆಯ ಗಾಡಿಗಳನ್ನು ಮಾತಿನಲ್ಲಿ ಮತ್ತೆ ಓಡಿಸುತ್ತೇವೆ.

ನಿವೃತ್ತನಾದ ಕೆಲವೇ ವರ್ಷಗಳಲ್ಲಿ ತಿಪ್ಪೇಶಪ್ಪನ ಕಣ್ಣಿನ ನರ ಒಣಗುತ್ತ ಬಂದು ದೃಷ್ಟಿ ಪೂರ್ತಿ ಹೋಯಿತು. ದೂರದ ಸಿಗ್ನಲ್ ಕೈಮರ ಏರಿದೆಯೋ ಇಳಿದಿದೆಯೋ ಎಂದು ಕತ್ತಲಲ್ಲಿಯೂ ಹೇಳುತ್ತಿದ್ದವನಿಗೆ ಎದುರಿನ ಲೋಟ ಕಾಣದಾಯಿತು. ಅದಕ್ಕೂ ಅವನು ಹೊಂದಿಕೊಂಡ. ಹೊಂದಿಕೊಳ್ಳಲಾಗದಿದ್ದದ್ದು ಒಂದಕ್ಕೇ: ಬೆಳಗಿನ ಪೇಪರಿಗೆ. ಓದಿ ಹೇಳಿ ಎಂದು ಮನೆಗೆ ಬಂದವರನ್ನೆಲ್ಲ ಕೇಳಬೇಕು. ಹಾಲಿನವನು ತಲೆಬರಹ ಓದಿ ಓಡುತ್ತಿದ್ದ. ಗಂಗಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಸುದ್ದಿ ಹಳತಾಗುತ್ತಿತ್ತು. ಆಗ ಕಡೂರಿನ ವಸುಧಾ ಮೇಡಂ ಎಂಬುವವರು ಬಂದರು. ಕಾಲೇಜಿನಲ್ಲಿ ಗಣಿತ ಹೇಳುವವರು. ಅವರೂ ಅವರ ಗೆಳತಿಯರೂ ಸೇರಿಕೊಂಡು, ಕಣ್ಣು ಕಾಣದವರಿಗೆಂದು ಕಂಪ್ಯೂಟರ್ ಕನ್ನಡವನ್ನು ಗಟ್ಟಿಯಾಗಿ ಓದುವಂತೆ ಒಂದು ದನಿ ತಯಾರಿಸಿದ್ದರು. ಮೇಡಂ ತಮ್ಮದೇ ದನಿಯನ್ನು ಚೂರುಚೂರಾಗಿ ಧ್ವನಿಮುದ್ರಿಸಿ ಅದಕ್ಕೆ ಕೊಟ್ಟಿದ್ದರಂತೆ. ಒಂದು ಹಳೆಯ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ತುಂಬಿ, ಆ ದನಿ ಸೇರಿಸಿ, ತಿಪ್ಪೇಶಪ್ಪನಿಗೆ ಕೀಬೋರ್ಡಿನ ಮೇಲೆ ಬೆರಳಿಡುವುದನ್ನು ಕಲಿಸಿ ಹೋದರು. ಅವತ್ತಿನಿಂದ ತಿಪ್ಪೇಶಪ್ಪ ಇಂಟರ್ನೆಟ್ಟಿನಲ್ಲಿ ಬರುವ ಪೇಪರನ್ನು ತಾನೇ ಓದತೊಡಗಿದ. ಓದುವುದಷ್ಟೇ ಅಲ್ಲ, ಪೇಪರಿನವರಿಗೆ ಪತ್ರ ಬರೆದು ಜಗಳವನ್ನೂ ಶುರುಮಾಡಿದ. "ಇದು ಬರೋಕ್ ಮುಂಚೆ ನಾನು ಈ ಮನೇಲಿ ಕಿಟಕಿ ಪಕ್ಕದ ಸಾಮಾನು ಆಗಿದ್ದೆ ಕಣಯ್ಯ. ಧೂಳು ಹೊಡೆದು ಇಟ್ರೆ ಇಟ್ರು, ಇಲ್ದಿದ್ರೆ ಇಲ್ಲ" ಎಂದು ನನ್ನೊಡನೆ ಹೇಳಿದ್ದ. ಆ ದನಿಯನ್ನು ಕಂಡರೆ ನನಗೂ ಗೌರವ. ಮನೆಗೆ ಹೋದಾಗ ಅದು ಓದುತ್ತಿದ್ದರೆ ಚಪ್ಪಲಿಯ ಸದ್ದು ಮಾಡದೆ ಒಳಗೆ ಹೋಗುತ್ತಿದ್ದೆ. ಅಂಥದ್ದನ್ನು ನಾನೇ ಕೈಯಾರೆ ಹಿಡಿದು ಹೊರಗೆ ಹಾಕಿದೆ.

ಅದು ಹೇಗಾಯಿತೆಂದು ಹೇಳಬೇಕಾದರೆ ನನಗೆ ಲಿನಕ್ಸ್ ಹುಚ್ಚು ಹಿಡಿದದ್ದನ್ನು ಹೇಳಬೇಕು. ನನ್ನ ಮನೆಯ ಕಂಪ್ಯೂಟರಿಗೂ ವಸುಧಾ ಮೇಡಂ ಅದನ್ನೇ ಹಾಕಿಕೊಟ್ಟಿದ್ದರು. ಅದರ ಕೈಪಿಡಿಯನ್ನು ತೆರೆದು ನೋಡಿದೆ, ನೋಡಿ ಮೈಮರೆತೆ. ನಮ್ಮ ರೈಲ್ವೆಯ ನಿಯಮಗಳ ಪುಸ್ತಕವನ್ನು ಯಾರೋ ಪುಣ್ಯಾತ್ಮರು ಯಂತ್ರಕ್ಕೆ ಬರೆದಿದ್ದಾರೆ ಅನ್ನಿಸಿತು. ಅದರಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬುದೊಂದಿದೆ. ಅದು ಸಾಕ್ಷಾತ್ ಸ್ಟೇಷನ್ ಮಾಸ್ಟರೇ. ಹೊರಗೆಲ್ಲೋ ದೂರದಲ್ಲಿ ಉಗ್ರಾಣಗಳಿರುತ್ತವೆ. ನಮಗೆ ಬೇಕಾದ ಸಾಫ್ಟ್‌ವೇರುಗಳು ಗಂಟು ಕಟ್ಟಿದ ಪ್ಯಾಕೇಜುಗಳಾಗಿ ಅಲ್ಲಿಂದ ಗೂಡ್ಸಿನ ಹಾಗೆ ಹೊರಟು ಬರುತ್ತವೆ. ಬಂದ ಗಂಟಿನ ಮೇಲೆ ಕಟ್ಟಿದವರ ಡಿಜಿಟಲ್ ಸಹಿ ಇದೆಯೇ, ಸಹಿ ನಿಜವೇ, ದಾರಿಯಲ್ಲಿ ಯಾರಾದರೂ ಬಿಚ್ಚಿ ಕಟ್ಟಿದ್ದಾರೆಯೇ ಎಂದು ಈ ಮ್ಯಾನೇಜರ್ ನೋಡುತ್ತದೆ. ಸರಿಯಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಯಾವುದನ್ನು ಎಷ್ಟು ಬಿಗಿಯಾಗಿ ನೋಡಬೇಕು ಎಂಬುದನ್ನೆಲ್ಲ ಒಂದು ಸಣ್ಣ ಕಡತದಲ್ಲಿ ನಾವೇ ಬರೆದಿಡಬಹುದು. "ಇಷ್ಟು ವರ್ಷ ಇದು ಎಲ್ಲಿತ್ತು ಸುಶೀಲಾ!" ಎಂದೆ. "ನೀವು ಹುಡುಕ್ಲಿಲ್ಲವಲ್ಲ, ಅದು ಮಾಡಿದ ಪುಣ್ಯ" ಎಂದಳು.

ನನ್ನ ಯಂತ್ರವನ್ನು ಬಿಗಿ ಮಾಡಿ ಮುಗಿಸಿದ ಮೇಲೆ ಮುಂದಿನ ಗುರುವಾರ ತಿಪ್ಪೇಶಪ್ಪನ ಯಂತ್ರದ ನೆನಪಾಯಿತು. ಕಣ್ಣು ಕಾಣದವನು, ಮೋಸದ ಪ್ಯಾಕೇಜು ಒಳಗೆ ನುಗ್ಗಿದರೆ ಅವನಿಗೆ ತಿಳಿಯುವುದು ಹೇಗೆ? ಕರುಣೆ ಉಕ್ಕಿತು. ನನ್ನ ಕರುಣೆಗೆ ಯಾವಾಗಲೂ ಕೈಯಲ್ಲಿ ಕೋಲಿರುತ್ತದೆ. "ಪಾಸ್‌ವರ್ಡ್ ಕೊಡಯ್ಯ, ಒಂದು ಗಳಿಗೆ ಕೆಲಸ" ಎಂದೆ. ಅವನು ಅದನ್ನು ಕಿವಿಯಲ್ಲಿ ಹೇಳಿದ; ಯಜಮಾನನ ಪಾಸ್‌ವರ್ಡ್, ಅದಿದ್ದರೆ ಯಂತ್ರದಲ್ಲಿ ಏನು ಬೇಕಾದರೂ ಮಾಡಬಹುದು. ನಾನು ಕೂತು ನಿಯಮಗಳನ್ನು ಬರೆದೆ. ಪ್ರತಿಯೊಂದು ಪ್ಯಾಕೇಜಿನ ಸಹಿಯನ್ನೂ ನೋಡತಕ್ಕದ್ದು. ಹೊರಗಿನಿಂದ ಬಂದದ್ದಷ್ಟೇ ಅಲ್ಲ, ಪೆನ್‌ಡ್ರೈವಿನಲ್ಲಿ ಕೈಯಾರೆ ತಂದದ್ದನ್ನೂ ಬಿಡತಕ್ಕದ್ದಲ್ಲ. ಏಕಕಾಲಕ್ಕೆ ಒಂದೇ ಡೌನ್‌ಲೋಡ್; ಒಂದು ಬಂದು ಸೇರುವವರೆಗೆ ಇನ್ನೊಂದು ಹೊರಡತಕ್ಕದ್ದಲ್ಲ, ಏಕೆಂದರೆ ಹಳಿ ಒಂದೇ. ನಿಗದಿತ ವೇಗಕ್ಕಿಂತ ನಿಧಾನವಾಗಿ ಬರುವ ಡೌನ್‌ಲೋಡನ್ನು ಅರ್ಧದಲ್ಲೇ ರದ್ದು ಮಾಡತಕ್ಕದ್ದು. ವೇಳೆ ಪಾಲಿಸದವರನ್ನು ಕಾಯುವುದು ನನ್ನ ಜಾಯಮಾನವಲ್ಲ. ಆ ಕಡತದಲ್ಲಿ ಸಾಲಿನ ಮೊದಲಿಗೊಂದು ಗುರುತು ಹಾಕಿದರೆ ಆ ಸಾಲನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಮನುಷ್ಯರಿಗೆ ಬರೆದ ಟಿಪ್ಪಣಿ. ನಾನು ಒಂದೊಂದು ನಿಯಮದ ತಲೆಯ ಮೇಲೂ ಅಚ್ಚುಕಟ್ಟಾದ ಕನ್ನಡದಲ್ಲಿ ಒಂದೊಂದು ಟಿಪ್ಪಣಿ ಬರೆದೆ. ಸ್ಟೇಷನ್ನಿನ ಗೋಡೆಗೆ ಸೂಚನೆ ಅಂಟಿಸಿದ ಕಾಲದ ಸುಖ ಮರಳಿ ಬಂತು.

ಅಲ್ಲಿಗೇ ಎದ್ದಿದ್ದರೆ ಚೆನ್ನಾಗಿತ್ತು. ಆದರೆ ಒಳಗೆ ಈಗಾಗಲೇ ಕೂತಿರುವ ಪ್ರಯಾಣಿಕರನ್ನೂ ಒಮ್ಮೆ ನೋಡಿಬಿಡೋಣ ಅನ್ನಿಸಿತು. ನೋಡುತ್ತ ಹೋದರೆ ಒಂದು ಪುಟ್ಟ, ಗೊತ್ತಿಲ್ಲದ ಉಗ್ರಾಣದ ಹೆಸರು. ಅದರ ಮುಂದೆ "ಸಹಿ ತಪಾಸಣೆ ಬೇಡ" ಎಂಬ ಸೆಟ್ಟಿಂಗ್. ಅಲ್ಲಿಂದ ಬಂದ ಪ್ಯಾಕೇಜಿನ ಹೆಸರೋ, ಇಂಗ್ಲಿಷ್ ಅಕ್ಷರವೂ ಅಂಕಿಯೂ ಕಲಸಿದ ಚಿತ್ರಾನ್ನ. ಸಿಕ್ಕಿಬಿದ್ದ ಕಳ್ಳ, ಟಿಕೆಟ್ ಇಲ್ಲದೆ ಮೇಲಿನ ಬರ್ತಿನಲ್ಲಿ ಮುಸುಕು ಹಾಕಿ ಮಲಗಿದ್ದಾನೆ ಎಂದುಕೊಂಡೆ. ಉಗ್ರಾಣದ ಸಾಲನ್ನು ಅಳಿಸಿದೆ, ಪ್ಯಾಕೇಜನ್ನು ಕಿತ್ತೆ. ಅದರ ಜೊತೆಗೆ ಬಂದಿದ್ದ ಪರಿವಾರವೂ ತಾನಾಗಿಯೇ ಇಳಿದು ಹೋಯಿತು. ಇಷ್ಟೆಲ್ಲ ನಡೆಯುವಾಗಲೂ ಯಂತ್ರ ಮಾತಾಡುತ್ತಲೇ ಇತ್ತು. ಡಿಸ್ಕಿನಿಂದ ಕಿತ್ತರೂ ಆರಿಸುವವರೆಗೆ ಅದರ ನೆನಪಿನಲ್ಲಿ ದನಿ ಉಳಿದಿರುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. "ಏನೋ ಬಹಳ ಹೊತ್ತು ಕುಟ್ಟಿದೆ, ಏನ್ ಮಾಡ್ದೆ?" ಎಂದ ತಿಪ್ಪೇಶಪ್ಪ. "ನಿನ್ನ ಮನೆಗೆ ಬೀಗ ಹಾಕಿಕೊಟ್ಟಿದೀನಿ, ಇನ್ನು ನಿಶ್ಚಿಂತೆಯಾಗಿರು" ಎಂದೆ. ಗಂಗಮ್ಮ ದಾರಿಗೆಂದು ಚಟ್ನಿಪುಡಿ ಕಟ್ಟಿಕೊಟ್ಟರು. ಸಂಜೆಯ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು, ಪರೋಪಕಾರ ಮಾಡಿದವನ ಮುಖಕ್ಕೆ ಗಾಳಿ ಎಷ್ಟು ತಂಪಾಗಿ ಬೀಸುತ್ತದೆ ಎಂಬುದನ್ನು ಅನುಭವಿಸುತ್ತ ಬೀರೂರಿಗೆ ಬಂದಿಳಿದೆ.

ಬೆಳಗ್ಗೆ ಫೋನ್ ಬಂತು. "ಮಾಸ್ಟ್ರೇ, ನಮ್ಮ ಕಂಪ್ಯೂಟ್ರು ಮಾತಾಡ್ತಿಲ್ಲ. ನಿನ್ನೆ ನೀವು ಅದಕ್ಕೆ ಏನ್ ಮಾಡಿದ್ರಿ?"

"ನೀವು" ಎಂಬ ಮಾತು ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದ ಕಾಫಿ ಆರಿತು. ಸ್ಪೀಕರಿನ ವೈರು ಸಡಿಲವಾಗಿರಬಹುದು, ಕರೆಂಟು ಕಮ್ಮಿ ಇರಬಹುದು ಎಂದೇನೇನೋ ಹೇಳಿದೆ. ಆ ಕಡೆಯಿಂದ ಗಂಗಮ್ಮ ಫೋನ್ ಇಸಿದುಕೊಂಡರು. "ಅಣ್ಣಾ, ಇವ್ರು ಬೆಳಗ್ಗಿಂದ ಅದರ ಮುಂದೇನೆ ಕೂತವ್ರೆ. ಗುಂಡಿ ಒತ್ತೋದು, ಕಿವಿ ಕೊಡೋದು, ಒತ್ತೋದು, ಕಿವಿ ಕೊಡೋದು. ನೋಡೋಕಾಗ್ತಿಲ್ಲ. ಪೇಪರ್ ನಾನು ಓದ್ತೀನಿ ಅಂದ್ರೆ ಬ್ಯಾಡ ಅಂತಾರೆ." ನಾನು ಫೋನಿಟ್ಟು ಕಂಪ್ಯೂಟರಿನ ಮುಂದೆ ಕೂತು ಆ ಚಿತ್ರಾನ್ನದ ಹೆಸರನ್ನು ಹುಡುಕಿದೆ. ಹುಡುಕಿ ಸಿಕ್ಕಿದ ಪುಟದ ಮೇಲ್ಗಡೆ ವಸುಧಾ ಮೇಡಂ ಅವರ ಹೆಸರೇ ಇತ್ತು. ಟಿಕೆಟ್ ಇಲ್ಲವೆಂದು ನಾನು ನಡುದಾರಿಯಲ್ಲಿ ಇಳಿಸಿದ್ದು ನನ್ನ ಸ್ನೇಹಿತನ ದನಿಯನ್ನು.

ಸುಶೀಲಳಿಗೆ ಹೇಳಿದೆ. ಅವಳು ನಗಲಿಲ್ಲ. ಅವಳು ನಗದಿದ್ದರೆ ವಿಷಯ ಗಂಭೀರವಾಗಿದೆ ಎಂದು ತಿಳಿಯಬೇಕು. "ಇವತ್ತು ಶುಕ್ರವಾರ ಅಂತ ನೋಡ್ತಾ ಕೂರ್ಬೇಡಿ. ಈಗ್ಲೇ ಹೊರಡಿ. ಬೀಗ ನಾನು ಹಾಕ್ಕೋತೀನಿ" ಎಂದಳು. ವಸುಧಾ ಮೇಡಂಗೆ ಫೋನ್ ಮಾಡಲು ಮುಖವಿರಲಿಲ್ಲ. ಅವರ ಪುಟದಿಂದಲೇ ದನಿಯ ಪ್ಯಾಕೇಜನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದನ್ನು ಅಂಗಿಯ ಜೇಬಿನಲ್ಲಿ ಮಾತ್ರೆಯಂತೆ ಜೋಪಾನ ಮಾಡಿಕೊಂಡು ತರೀಕೆರೆಗೆ ಹೋದೆ. ಹೋಗುತ್ತಲೇ ಹಾಕಿಬಿಡುವುದು, ಅದು ಮಾತಾಡತೊಡಗಿದ ಗದ್ದಲದಲ್ಲಿ ಕಾರಣ ಕೇಳುವವರು ಯಾರು ಎಂಬುದು ನನ್ನ ಲೆಕ್ಕಾಚಾರ.

ಪೆನ್‌ಡ್ರೈವ್ ಚುಚ್ಚಿದೆ, ಆಜ್ಞೆ ಕೊಟ್ಟೆ. ಯಂತ್ರ ಒಪ್ಪಲಿಲ್ಲ. ಸಹಿ ಇದೆ, ಆದರೆ ಸಹಿ ಮಾಡಿದವರು ಯಾರೆಂದು ಗೊತ್ತಿಲ್ಲ ಎಂದು ಪರದೆಯ ಮೇಲೆ ಬರೆಯಿತು. ಕೈಯಾರೆ ತಂದದ್ದನ್ನೂ ಬಿಡತಕ್ಕದ್ದಲ್ಲ ಎಂದು ಬರೆದವನು ನಾನೇ ತಾನೆ? ಬೆವರೊರೆಸಿಕೊಂಡು ಮತ್ತೊಮ್ಮೆ ಕೇಳಿದೆ. ಅದು ಇನ್ನೊಮ್ಮೆ, ಅದೇ ಮಾತಿನಲ್ಲಿ, ಒಂದಿಷ್ಟೂ ಬೇಸರವಿಲ್ಲದೆ ಇಲ್ಲವೆಂದಿತು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಹಿಂದೆ ಕುರ್ಚಿಯಲ್ಲಿ ತಿಪ್ಪೇಶಪ್ಪ ಕೈಕಟ್ಟಿಕೊಂಡು ಕೂತಿದ್ದ. ಕೊನೆಗೆ ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ಹೇಳಿ, "ಒಂದೇ ಒಂದು ನಿಮಿಷ ಈ ಸಹಿ ನೋಡೋದನ್ನ ನಿಲ್ಲಿಸ್ತೀನಿ. ದನಿ ಒಳಗೆ ಬಂದ ಕೂಡಲೇ ಮತ್ತೆ ಹಾಕಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದೆ. ಹೀಗೆ ಹೇಳಿದ್ದು ನಾನು. ಟೋಕನ್ ಇಲ್ಲದೆ ಗೇಣು ದೂರ ಗಾಡಿ ಬಿಡದ ನಾನು.

ತಿಪ್ಪೇಶಪ್ಪ ಬೈಯುತ್ತಾನೆ ಎಂದು ತಲೆ ತಗ್ಗಿಸಿ ಕಾದೆ. ಅವನು ಕೇಳಿದ್ದೇ ಬೇರೆ. "ಸಹಿ ನೋಡ್ದೇ ಒಳಗೆ ಬಿಟ್ರೆ ಏನಾಗತ್ತೆ?"

"ಏನೂ ಆಗಲ್ಲ ಬಿಡು. ಸಾವಿರಕ್ಕೊಂದು ಸಲ ಯಾರಾದ್ರೂ ಕೆಟ್ಟವರು ದಾರೀಲಿ ಬೇರೆ ಏನಾದ್ರೂ ಸೇರಿಸಿರಬಹುದು."

"ಆ ಒಂದ್ಸಲ ಇವತ್ತೇ ಆದ್ರೆ?" ಎಂದ. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ನೋಡು, ನಿಂಗೆ ಕಣ್ಣದೆ. ಏನಾದ್ರೂ ಎಡವಟ್ಟಾದ್ರೆ ಕಾಣತ್ತೆ. ನಂಗೆ ಈ ದನಿ ಹೇಳಿದ್ದೇ ಪ್ರಪಂಚ. ಅದು ಬ್ಯಾಂಕು ಅಂದ್ರೆ ಬ್ಯಾಂಕು, ಮಗಳ ಕಾಗದ ಅಂದ್ರೆ ಮಗಳ ಕಾಗದ. ಬ್ಯಾರೆ ಯಾವನೋ ಬಂದು ಇದರ ಗಂಟಲಲ್ಲಿ ಕೂತ್ಕಂಡು ಮಾತಾಡಿದ್ರೆ ನಂಗೆ ಹೆಂಗೆ ತಿಳೀಬೇಕು? ಬ್ಯಾಡ. ಟೋಕನ್ ಇಲ್ದೆ ಗಾಡಿ ಬಿಡಬ್ಯಾಡ."

"ಹಂಗಾದ್ರೆ ಪೇಪರು?"

"ಇವತ್ತು ಓದ್ದಿದ್ರೆ ನಾಳೆ. ಅವತ್ತು ನಿನ್ನ ಸ್ಟೇಷನ್ನಾಗೆ ಟೋಕನ್ ಪೆಟ್ಟಿಗೆ ಕೆಟ್ಟಾಗ ನನ್ನ ಸುಡೋ ಬಿಸಿಲಲ್ಲಿ ನಿಲ್ಸಿದ್ದೆ, ನೆನಪೈತಾ? ಎಷ್ಟು ಬೈದಿದ್ದೆ ನಿಂಗೆ!"

ನೆನಪಿಲ್ಲದೆ ಏನು? ಅವನು ಎಂಜಿನ್ನಿನಿಂದಿಳಿದು ಬಂದು ನನ್ನ ವಂಶಾವಳಿಯನ್ನು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬಿಡಿಸಿ ಹೇಳಿದ್ದ. ಮುಂದಿನ ಸ್ಟೇಷನ್ನಿನವನು ಫೋನಿನಲ್ಲಿ ಒಪ್ಪಿಗೆ ಕೊಟ್ಟು, ಅದಕ್ಕೆ ಗುರುತಾಗಿ ಪ್ರೈವೇಟ್ ನಂಬರ್ ಎಂಬ ತನ್ನ ಗುಟ್ಟಿನ ಅಂಕಿ ಹೇಳಿ, ನಾನು ಅದನ್ನು ಬರೆದುಕೊಂಡು ಕಾಗದದ ಅನುಮತಿ ಕೊಡುವವರೆಗೆ ಗಾಡಿ ಅಲ್ಲೇ ನಿಂತಿತ್ತು. ಆ ಬೈಗುಳದ ಹಿಂದೆ ಇಷ್ಟು ದೊಡ್ಡ ಒಪ್ಪಿಗೆ ಅಡಗಿತ್ತೆಂದು ನನಗೆ ತಿಳಿದಿರಲಿಲ್ಲ. ನೌಕರಿಯಲ್ಲಿ ಯಾರೂ ನನ್ನ ಶಿಸ್ತನ್ನು ಹೊಗಳಿದವರಲ್ಲ. ಅವನ ದನಿಯನ್ನು ನಾನು ಕಿತ್ತುಹಾಕಿದ ಮರುದಿನವೇ ಅವನಿಂದ ಅದು ಸಿಕ್ಕಿತು. ಅಷ್ಟರಲ್ಲಿ "ನೀವು" ಹೋಗಿ "ನೀನು" ಬಂದಿದ್ದನ್ನೂ ಗಮನಿಸಿದೆ. ಕಣ್ಣು ಒದ್ದೆಯಾಯಿತು. ನೋಡುವವರು ಯಾರೂ ಇಲ್ಲ ಎಂದುಕೊಂಡರೆ ಗಂಗಮ್ಮ ಬಾಗಿಲಲ್ಲಿ ನಿಂತಿದ್ದರು. "ಈರುಳ್ಳಿ ಹೆಚ್ತಿದ್ದೆ ಅಣ್ಣಾ, ಅದರ ಘಾಟು" ಎಂದು ಅವರೇ ನನ್ನ ಪರವಾಗಿ ಸುಳ್ಳು ಹೇಳಿದರು.

"ಪ್ರೈವೇಟ್ ನಂಬರ್ ತಗೋ" ಎಂದ ತಿಪ್ಪೇಶಪ್ಪ. "ಮೇಡಂಗೆ ಫೋನ್ ಮಾಡು."

ಮಾಡಿದೆ. ಸ್ಪೀಕರ್ ಹಾಕಿದೆ. "ನಮಸ್ಕಾರ ಸರ್, ಹೇಳಿ" ಎಂದು ವಸುಧಾ ಮೇಡಂ ಅಂದದ್ದೇ ತಡ, ತಿಪ್ಪೇಶಪ್ಪನ ಮುಖ ಅರಳಿತು. "ಅಗೋ, ನನ್ನ ಪೇಪರ್ ಓದೋಳು!" ಎಂದ. ಯಂತ್ರದ ದನಿ ಅವರದೇ ತಾನೆ! ನಾನು ನಡೆದದ್ದನ್ನು ಹೇಳಿದೆ. ಅವರು ನನ್ನನ್ನು ಬೈಯುವ ಬದಲು ತಾವೇ ಸಂಕೋಚಪಟ್ಟುಕೊಂಡರು. "ಅವತ್ತು ಹಾಕಿಕೊಟ್ಟಾಗ ನಾವಿನ್ನೂ ಸಹಿ ಮಾಡ್ತಿರ್ಲಿಲ್ಲ ಸರ್. ಅದಕ್ಕೇ ತಪಾಸಣೆ ಬೇಡ ಅಂತ ಬಿಟ್ಟಿದ್ದೆ. ಈಗ ಮಾಡ್ತೀವಿ. ಬಂದು ಸರಿಮಾಡ್ಬೇಕು ಅಂತಿದ್ದೆ, ಆಗ್ಲಿಲ್ಲ. ನೀವು ನೋಡಿದ್ದು ಒಳ್ಳೇದೇ ಆಯ್ತು" ಎಂದರು. ಇಂಥವರು ಗಣಿತ ಹೇಳಿಕೊಡುವ ಮಕ್ಕಳ ಪುಣ್ಯ ದೊಡ್ಡದು. ಅವರ ಸಹಿಯನ್ನು ಗುರುತಿಸಲು ಒಂದು ಕೀ ಇದೆ, ಅದನ್ನು ಅವರ ಪುಟದಿಂದ ಇಳಿಸಿಕೊಂಡು ಯಂತ್ರಕ್ಕೆ ಪರಿಚಯ ಮಾಡಿಸಬೇಕು. ಅದಕ್ಕೆ ಮುಂಚೆ, ಇಳಿದದ್ದು ಅವರದೇ ಕೀ ಹೌದೋ ಅಲ್ಲವೋ ಎಂದು ಅದರ ಬೆರಳಚ್ಚನ್ನು ಹೋಲಿಸಿ ನೋಡಬೇಕು. ಬೆರಳಚ್ಚೆಂದರೆ ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಉದ್ದನೆಯ ಸಾಲು. ಅವರು ಕಡೂರಿನಲ್ಲಿ ತಮ್ಮ ಯಂತ್ರ ನೋಡಿ ಹೇಳುವುದು, ನಾನು ತರೀಕೆರೆಯಲ್ಲಿ ಪರದೆ ನೋಡಿ ಒಪ್ಪುವುದು.

ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳು ಒಂದಕ್ಕೊಂದು ಬೆರೆತುಹೋಗುತ್ತವೆ ಎಂದು ನಾನು ನೌಕರಿಯ ಪದ್ಧತಿ ಹೂಡಿದೆ. "ಎ ಅಂದ್ರೆ ಅಜ್ಜಂಪುರ, ಬಿ ಬೀರೂರು, ಸಿ ಚಿಕ್ಕಜಾಜೂರು, ಡಿ ದಾವಣಗೆರೆ. ಹಾಗೆ ಹೇಳಿ ಮೇಡಂ." ಈ ಬೆರಳಚ್ಚಿನಲ್ಲಿ ಎಫ್‌ನ ಆಚೆಗೆ ಅಕ್ಷರವೇ ಬರುವುದಿಲ್ಲವಂತೆ. ಇ ಮತ್ತು ಎಫ್‌ಗೆ ನಮ್ಮ ಕಡೆ ಊರು ಸಿಗಲಿಲ್ಲ. "ಇ ಎಂಜಿನ್ನು, ನಂದು. ಎಫ್ ಫ್ಲ್ಯಾಗು, ನಿಂದು" ಎಂದು ತಿಪ್ಪೇಶಪ್ಪ ಇತ್ಯರ್ಥ ಮಾಡಿದ. ಮೇಡಂ ನಗುನಗುತ್ತ ಶುರುಮಾಡಿದರು. "ನಾಲ್ಕು, ಬೀರೂರು, ಒಂಬತ್ತು, ಎಂಜಿನ್. ಅಜ್ಜಂಪುರ, ಅಜ್ಜಂಪುರ, ಸೊನ್ನೆ, ಫ್ಲ್ಯಾಗ್..." ನಾನು ಪರದೆಯ ಮೇಲೆ ಬೆರಳಿಟ್ಟು ಒಂದೊಂದಕ್ಕೂ "ಸರಿ" ಎಂದೆ. ತಿಪ್ಪೇಶಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. "ಅಜ್ಜಂಪುರದಾಗೆ ಎರಡು ಸಲ ನಿಲ್ಸಿದ್ರಲ್ಲ ಮೇಡಂ, ಈ ಮಾಸ್ಟ್ರು ಇನ್ನೂ ಡ್ಯೂಟೀಲಿ ಅವ್ರೆ ಅಂತ ಕಾಣತ್ತೆ" ಎಂದು ನಡುವೆ ಸೇರಿಸಿದ. ಗಾಡಿ ಹಿಂದಕ್ಕೂ ಮುಂದಕ್ಕೂ ಓಡಾಡಿ, ದಾವಣಗೆರೆಗೆ ಹೋಗಿ, ಮತ್ತೆ ಬೀರೂರಿಗೆ ಬಂದು ಕೊನೆಯ ಅಂಕಿಗೆ ನಿಂತಿತು. ಒಂದಕ್ಷರ ತಪ್ಪಿರಲಿಲ್ಲ. ನಾನು ಎದ್ದು ನಿಂತು "ಲೈನ್ ಕ್ಲಿಯರ್" ಎಂದೆ. ಕೂತು ಹೇಳಿದರೂ ಆಗುತ್ತಿತ್ತು.

ಇನ್ನೇನು ದನಿ ಬಂದಂತೆಯೇ ಎಂದುಕೊಂಡರೆ ಪರಿವಾರ ಉಳಿದಿತ್ತು. ದನಿಯ ಜೊತೆಗೆ ಇಳಿದು ಹೋಗಿದ್ದ ಸಣ್ಣಪುಟ್ಟ ಪ್ಯಾಕೇಜುಗಳನ್ನು ದೂರದ ಉಗ್ರಾಣದಿಂದ ಮತ್ತೆ ತರಿಸಬೇಕು. ಹೊರಟಿತು, ಒಂದಿಷ್ಟು ದೂರ ಬಂದಿತು, ರದ್ದಾಯಿತು. ಮತ್ತೆ ಹೊರಟಿತು, ಮತ್ತೆ ರದ್ದು. ಫೋನ್ ಕಂಪನಿಯವರನ್ನು ಬೈದೆ, ಯಂತ್ರಕ್ಕೆ ಇಂಟರ್ನೆಟ್ ಕೊಡುತ್ತಿದ್ದ ಫೋನನ್ನು ಕಿಟಕಿಗೆ ಹಿಡಿದೆ, ಅಟ್ಟದ ಮೆಟ್ಟಿಲ ಮೇಲಿಟ್ಟೆ. ಗಂಗಮ್ಮ ಅದನ್ನು ತೆಂಗಿನಕಾಯಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ನಿಂತರು. ಆಗಲೂ ಅದೇ ಕಥೆ. "ಬರ್ತಾ ಇರೋದನ್ನ ಯಾರ್ ಅಡ್ಡ ಹಾಕ್ತಿರೋದು?" ಎಂದು ತಿಪ್ಪೇಶಪ್ಪ ಕೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಅಡ್ಡ ಹಾಕುತ್ತಿದ್ದವನು ನಾನೇ. ನಿಧಾನವಾಗಿ ಬರುವವರನ್ನು ಅರ್ಧದಲ್ಲೇ ರದ್ದು ಮಾಡತಕ್ಕದ್ದು ಎಂದು ಬೀರೂರಿನ ನನ್ನ ಮನೆಯ ವೇಗಕ್ಕೆ ಬರೆದಿದ್ದ ನಿಯಮ, ಈ ಮನೆಯ ಬಡ ಸಿಗ್ನಲಿಗೆ ಗೋಡೆಯಾಗಿ ನಿಂತಿತ್ತು. ಸಹಿಯ ನಿಯಮ ಕಾಯುವುದಕ್ಕೆ ಬೇಕು. ಈ ನಿಯಮ ಬೇಕಿದ್ದದ್ದು ನನ್ನ ಸಿಡುಕಿಗೆ ಮಾತ್ರ. ಎರಡನ್ನೂ ಒಂದೇ ಭದ್ರತೆ ಎಂದು ನಾನು ಭಾವಿಸಿದ್ದೆ. ವೇಗದ ಮಿತಿಯನ್ನು ತೆಗೆದೆ, ಕಾಯುವ ಅವಧಿಯನ್ನು ಹೆಚ್ಚಿಸಿದೆ. "ಬರ್ಲಿ ಬಿಡು ನಿಧಾನಕ್ಕೆ. ನಾನೂ ಗೂಡ್ಸ್ ಓಡಿಸ್ದೋನೇ" ಎಂದ ತಿಪ್ಪೇಶಪ್ಪ. ಪ್ಯಾಕೇಜುಗಳು ಒಂದರ ಹಿಂದೊಂದು, ಏರು ಹತ್ತುವ ಗೂಡ್ಸಿನ ಹಾಗೆ ಏದುತ್ತ ಬಂದವು. ನಾವು ಅಷ್ಟರಲ್ಲಿ ಊಟ ಮುಗಿಸಿದೆವು. ಗಂಗಮ್ಮ ಬಡಿಸಿದ ಆ ರೊಟ್ಟಿ ಎಣ್ಣೆಗಾಯಿಯ ರುಚಿ, ಮಾಡಿದ್ದನ್ನು ಕ್ಷಮಿಸಿದವರ ಮನೆಯಲ್ಲಿ ಮಾತ್ರ ಸಿಗುವಂಥದ್ದು.

ಯಂತ್ರವನ್ನು ಆರಿಸಿ ಹೊತ್ತಿಸಿದೆ. ತಿಪ್ಪೇಶಪ್ಪ ಕೀಬೋರ್ಡಿನ ಮುಂದೆ ಕೂತು ಒಂದು ಕೀಲಿ ಒತ್ತಿದ. ವಸುಧಾ ಮೇಡಂ ಅವರ ದನಿ ಶಾಂತವಾಗಿ, ಸ್ಪಷ್ಟವಾಗಿ ಓದತೊಡಗಿತು. ಪೇಪರನ್ನಲ್ಲ. ಗಡಿಬಿಡಿಯಲ್ಲಿ ಅವನ ಬೆರಳಿಗೆ ಮೊದಲು ಸಿಕ್ಕಿ ತೆರೆದದ್ದು ನಾನು ಬರೆದಿಟ್ಟ ನಿಯಮಗಳ ಕಡತ. "ಸೂಚನೆ. ಈ ಕೆಳಕಂಡ ನಿಯಮಗಳನ್ನು ಯಾರೂ ಯಾವ ಕಾರಣಕ್ಕೂ ಬದಲಾಯಿಸತಕ್ಕದ್ದಲ್ಲ. ವೇಳೆ ಪಾಲಿಸದವರಿಗೆ ಇಲ್ಲಿ ಪ್ರವೇಶವಿಲ್ಲ. ಅಪರಿಚಿತರನ್ನು ಕೂಡಲೇ ಹೊರಹಾಕತಕ್ಕದ್ದು. ಆಜ್ಞೆಯ ಮೇರೆಗೆ." ಗಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಓಡಿದರು. ತಿಪ್ಪೇಶಪ್ಪ ಅದನ್ನು ಇನ್ನೊಮ್ಮೆ ಓದಿಸಿದ. ಆಮೇಲೆ ಫೋನನ್ನು ಸುಶೀಲಳಿಗೆ ಹಚ್ಚಿಸಿ, "ತಂಗ್ಯಮ್ಮಾ, ಒಂದು ನಿಮಿಷ ಕೇಳು" ಎಂದು ಮತ್ತೊಮ್ಮೆ ಓದಿಸಿದ. ಬೀರೂರಿನಿಂದ ಬಂದ ನಗು ತರೀಕೆರೆಯ ಗೋಡೆಗೆ ಬಡಿಯಿತು. ಹೆಂಗಸಿನ ಮೃದುವಾದ ದನಿಯಲ್ಲಿ ಕೇಳಿದಾಗ ನನ್ನ ಮಾತು ಎಷ್ಟು ಒರಟೆಂದು ನನಗೇ ಗೊತ್ತಾಯಿತು. ಆದರೂ, ನನ್ನನ್ನೇ ಹಾಸ್ಯ ಮಾಡಿದ್ದಾಗಲಿ, ಆ ಮನೆಯಲ್ಲಿ ಮತ್ತೆ ಒಂದು ಓದು ಕೇಳಿಬಂದದ್ದಕ್ಕೆ ನಾನು ಕಾಣದ ದೇವರಿಗೂ ಕಂಡ ಮೇಡಂಗೂ ಕೈಮುಗಿದೆ. ಅದಾದ ಮೇಲೆ ಅವನು ಪೇಪರ್ ತೆರೆದ. ತಲೆಬರಹದಿಂದ ಹಿಡಿದು ಅಡಿಕೆ ಧಾರಣೆಯವರೆಗೆ ಒಂದನ್ನೂ ಬಿಡದೆ ಕೇಳಿದ. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಕಣ್ಣಿದ್ದೂ ಪೇಪರನ್ನು ಅಷ್ಟು ಹಸಿದು ಓದಿದ ನೆನಪಿಲ್ಲ.

ಹೊರಡುವ ಹೊತ್ತಿಗೆ ತಿಪ್ಪೇಶಪ್ಪ ಕೆಮ್ಮಿದ. "ಮಾಸ್ಟ್ರೇ, ಪಾಸ್‌ವರ್ಡ್ ಬದಲಾಯಿಸೋಣ ಅಂತಿದೀನಿ. ನೀನು ಬ್ಯಾಸರ ಮಾಡ್ಕೋಬ್ಯಾಡ. ಬರ್ತಾ ಇರು, ನೋಡ್ತಾ ಇರು, ಏನ್ ಮಾಡ್ಬೇಕು ಅಂತ ಹೇಳು. ಮಾಡೋದು ಮಾತ್ರ ನಾನು."

ನ್ಯಾಯವಾದ ಮಾತು. ಹೊರಗಿನಿಂದ ಬರುವ ಪ್ರತಿಯೊಂದರ ಸಹಿಯನ್ನೂ ಕೇಳುತ್ತಿದ್ದ ಆ ಯಂತ್ರ, ಏನೂ ಕೇಳದೆ ಒಳಗೆ ಬಿಟ್ಟದ್ದು ನನ್ನೊಬ್ಬನನ್ನೇ. ಹೇಗೆ ಬದಲಾಯಿಸುವುದೆಂದು ಹೇಳಿಕೊಟ್ಟೆ. ಪರದೆಯ ಮೇಲೆ ಪಾಸ್‌ವರ್ಡ್ ಮೂಡುವುದಿಲ್ಲ. ಆದರೆ ಯಾವ ಕೀಲಿಯ ಮೇಲೆ ಬೆರಳು ಬೀಳುತ್ತದೆ ಎಂಬುದು ಪಕ್ಕದಲ್ಲಿ ಕೂತವನಿಗೆ ಕಾಣುತ್ತದೆ. ಅದು ಅವನಿಗೂ ಗೊತ್ತಿತ್ತು.

"ಗೋಡೆ ಕಡೆ ತಿರುಗ್ಕಂಡ್ಯಾ?" ಎಂದ.

"ತಿರುಗ್ಕೊಂಡೆ ಕಣಯ್ಯ."

"ನಂಗೆ ಹೆಂಗೆ ಗೊತ್ತಾಗ್ಬೇಕು?"

ಬೆಳಗಿನಿಂದ ಸಹಿ, ಕೀ, ಬೆರಳಚ್ಚು ಎಂದು ಗಂಟಲು ಹರಿದುಕೊಂಡಿದ್ದ ನಾನು ಈ ಮಾತಿಗೆ ಯಾವ ಸಹಿ ತೋರಿಸಲಿ? ತಿಪ್ಪೇಶಪ್ಪ ನಕ್ಕ. "ಹೋಗ್ಲಿ ಬಿಡು. ನೀನು ಹೇಳಿದ್ಮೇಲೆ ಮುಗೀತು" ಎಂದು ಬೆರಳುಗಳನ್ನು ಕೀಲಿಗಳ ಮೇಲಿಟ್ಟ.

ಆಗ ನಾನು, ಕುರ್ಚಿ ಕಿರುಗುಟ್ಟದಂತೆ ಹುಷಾರಾಗಿ, ಗೋಡೆಯ ಕಡೆಗೆ ತಿರುಗಿಕೊಂಡೆ.